ಒಡವೆ ಅಡ ಇಡೋಕೆ ಮೊದಲು ಅದರ ಬೆಲೆ ನೀವೇ ಕಟ್ಟಿ ನೋಡಿ

ಬ್ಯಾಂಕಿನಲ್ಲಿ ಚಿನ್ನದ ಸಾಲ ಕೊಡುವ ಮೇಜಿನ ಪಕ್ಕ ಕೂರುವ ನನ್ನಂಥವರನ್ನು ಅಪ್ರೈಸರ್ ಅನ್ನುತ್ತಾರೆ. ನೀವು ತಂದ ಒಡವೆ ತೂಗಿ, ಒರೆಗೆ ಹಚ್ಚಿ, ಇದು ಇಷ್ಟು ಬಾಳುತ್ತದೆ ಅಂತ ಬರೆದು ಸಹಿ ಹಾಕುವುದು ನನ್ನ ಕೆಲಸ. ನಮ್ಮದು ದಾವಣಗೆರೆ ಕಡೆಯ ಅಕ್ಕಸಾಲಿಗರ ಮನೆ. ಅಪ್ಪ ಒಡವೆ ಮಾಡುತ್ತಿದ್ದರು, ನಾನು ಬೆಲೆ ಕಟ್ಟುತ್ತೇನೆ. ಅಪ್ಪನ ಒರೆಗಲ್ಲೇ ಈಗಲೂ ನನ್ನ ಕೈಯಲ್ಲಿದೆ.

ಚಿನ್ನ ಹಿಡಿದುಕೊಂಡು ಬರುವವರು ಸಾಮಾನ್ಯವಾಗಿ ಖುಷಿಯಿಂದ ಬರುವುದಿಲ್ಲ. ಮಗಳ ಕಾಲೇಜು ಫೀಸು, ಆಸ್ಪತ್ರೆ ಬಿಲ್ಲು, ಬಿತ್ತನೆ ಬೀಜ, ಗೊಬ್ಬರ, ಹೀಗೆ ಏನೋ ಒಂದು ತುರ್ತು ಇರುತ್ತದೆ. ಒಡವೆ ಬಿಚ್ಚಿ ಮೇಜಿನ ಮೇಲಿಟ್ಟು ಸುಮ್ನೆ ನೆಲ ನೋಡುತ್ತಾ ಕೂರುತ್ತಾರೆ. ನಾನು ಹೇಳಿದ ಅಂಕಿಗೆ ತಲೆಯಾಡಿಸಿ ಸಹಿ ಹಾಕುತ್ತಾರೆ. ಪ್ರಶ್ನೆ ಕೇಳಿದರೆ ಸಾಲ ತಪ್ಪಿಹೋದೀತು ಅನ್ನೋ ಭಯ. ಇದು ನನಗೆ ತುಂಬಾ ಬೇಸರ ತರುವ ವಿಷಯ. ಯಾಕೆಂದರೆ ಈ ಕೆಲಸದಲ್ಲಿ ಗುಟ್ಟು ಅನ್ನುವಂಥದ್ದು ಏನೂ ಇಲ್ಲ. ಒಡವೆಯ ಬೆಲೆ ಅಂದರೆ ಮೂರು ಅಂಕಿಗಳ ಗುಣಾಕಾರ, ಅಷ್ಟೇ. ಅದರಲ್ಲಿ ಚಿನ್ನ ಎಷ್ಟು ಗ್ರಾಂ ಇದೆ, ಆ ಚಿನ್ನ ಎಷ್ಟು ಶುದ್ಧ, ಇವತ್ತಿನ ದರ ಎಷ್ಟು. ಬ್ಯಾಂಕಿನಲ್ಲಾಗಲಿ ಗಿರವಿ ಅಂಗಡಿಯಲ್ಲಾಗಲಿ ನಿಮಗೆ ಕಡಿಮೆ ಸಿಕ್ಕಿತು ಅನಿಸಿದರೆ, ತಕರಾರು ಈ ಮೂರರಲ್ಲಿ ಒಂದರಲ್ಲಿ ಇದ್ದೇ ಇರುತ್ತದೆ. ಮೂರನ್ನೂ ಮನೆಯಲ್ಲೇ ಅಂದಾಜು ಮಾಡಿಕೊಂಡು ಹೋದರೆ ಯಾರ ಮುಂದೆಯೂ ತಲೆ ತಗ್ಗಿಸಿ ಕೂರಬೇಕಾಗಿಲ್ಲ.

ಅಪ್ರೈಸ್ ಅನ್ನೋ ಮಾತು ಎಲ್ಲಿಂದ ಬಂತು

ನನ್ನ ಹುದ್ದೆಯ ಹೆಸರಿನ ಅರ್ಥ ಬಹಳ ಜನ ಕೇಳುತ್ತಾರೆ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ಅಪ್ರೈಸ್ ಅಂದರೆ ಬೆಲೆ ಕಟ್ಟು. ಅದು ಹಳೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ ಪ್ರೆಟಿಯಮ್, ಅಂದರೆ ಬೆಲೆ. ಪ್ರೈಸ್, ಪ್ರೆಷಸ್, ಅಪ್ರಿಷಿಯೇಟ್, ಹೊಗಳಿಕೆಯ ಪ್ರೇಜ್ ಎಲ್ಲವೂ ಒಂದೇ ಬಳಗ. ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಅಪ್ರೈಸಲ್ ಕೂಡ ಇದೇ ಮಾತು. ಅಲ್ಲಿ ಒಡವೆಯ ಬದಲು ನೌಕರನ ಕೆಲಸವನ್ನು ತೂಗುತ್ತಾರೆ.

ಇದರ ಜೊತೆಗೇ ಅಸ್ಸೇ ಅನ್ನೋ ಇನ್ನೊಂದು ಮಾತಿದೆ. ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಹಾಕುವ ಕಡೆ ಬೋರ್ಡಿನಲ್ಲಿ ಅಸ್ಸೇಯಿಂಗ್ ಸೆಂಟರ್ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಅದರ ಲ್ಯಾಟಿನ್ ಬೇರಿಗೆ ತೂಗುವುದು ಅಂತ ಅರ್ಥ. ಶಾಲೆಯಲ್ಲಿ ಬರೆಸುವ ಎಸ್ಸೇ ಕೂಡ ಅದೇ ಬೇರಿನದು. ಈ ಎರಡು ಕೆಲಸ ಬೇರೆ ಬೇರೆ ಅನ್ನುವುದು ನೆನಪಿರಲಿ. ಲೋಹದಲ್ಲಿ ಚಿನ್ನ ಎಷ್ಟಿದೆ ಅಂತ ಪರೀಕ್ಷಿಸುವುದು ಅಸ್ಸೇ. ಆ ಪರೀಕ್ಷೆಯ ಫಲಿತಾಂಶ ಇಟ್ಟುಕೊಂಡು ರೂಪಾಯಿ ಲೆಕ್ಕ ಹಾಕುವುದು ಅಪ್ರೈಸ್. ಬ್ಯಾಂಕಿನಲ್ಲಿ ಎರಡನ್ನೂ ಒಬ್ಬನೇ ಮಾಡುವುದರಿಂದ ಜನಕ್ಕೆ ಒಂದೇ ಅನಿಸುತ್ತದೆ. ಇನ್ನು ಅಪ್ರೈಜ್ ಅಂತ ಬೇರೊಂದು ಶಬ್ದ ಇದೆ, ಅದಕ್ಕೆ ತಿಳಿಸು ಅಂತ ಅರ್ಥ, ಬೇರೂ ಬೇರೆ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು ಇವೆರಡನ್ನು ಬೆರೆಸಬೇಡಿ.

ಹಾಲ್‌ಮಾರ್ಕ್ ಅನ್ನುವ ಹೆಸರಿನ ಹಾಲ್ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್, ಅಂದರೆ ಅಲ್ಲಿನ ಅಕ್ಕಸಾಲಿಗರ ಸಂಘದ ಕಟ್ಟಡ. ಇಂಗ್ಲೆಂಡಿನಲ್ಲಿ 1300ರಲ್ಲೇ ಬೆಳ್ಳಿ ಸಾಮಾನಿಗೆ ಚಿರತೆ ತಲೆಯ ಮುದ್ರೆ ಬೀಳಬೇಕು ಅಂತ ಕಾನೂನು ಬಂತು. 1478ರ ಹೊತ್ತಿಗೆ ಅಕ್ಕಸಾಲಿಗಳು ತಾವು ಮಾಡಿದ್ದನ್ನು ಆ ಹಾಲ್‌ಗೆ ಒಯ್ದು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕಾಯಿತು. ಮಾಡಿದವನೇ ಇದು ಶುದ್ಧ ಅಂದರೆ ಸಾಲದು, ಮೂರನೆಯವನು ಹೇಳಬೇಕು. ನಾನೂ ಅಕ್ಕಸಾಲಿಯ ಮಗ, ಆದರೂ ಹೇಳುತ್ತೇನೆ, ಈ ಪದ್ಧತಿ ನಮ್ಮಲ್ಲಿ ಇನ್ನೂ ಬೇಗ ಬರಬೇಕಿತ್ತು.

ಮೊದಲು ತೂಕ

ತಕ್ಕಡಿಯ ಮೇಲೆ ಒಡವೆ ಇಟ್ಟಾಗ ಬರುವ ಅಂಕಿ ಒಟ್ಟು ತೂಕ. ಬೆಲೆ ಸಿಗುವುದು ನಿವ್ವಳ ತೂಕಕ್ಕೆ. ನಮ್ಮ ಕಡೆ ಜಗಳ ಜಾಸ್ತಿ ಆಗುವುದು ಇಲ್ಲೇ.

ಹರಳು, ಮುತ್ತು, ಹವಳ, ಕರಿಮಣಿ, ದಾರ, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದು ಅರಗು. ಹಳೆಯ ಬೋರಮಾಳ, ಗುಂಡಿನ ಸರ, ಹರಳು ಕೂರಿಸಿದ ಅಡ್ಡಿಕೆ, ದಪ್ಪನೆಯ ಪಾಟ್ಲಿ ಇಂಥವುಗಳನ್ನು ತೆಳು ತಗಡಿನಲ್ಲಿ ಮಾಡಿ, ಸೊಟ್ಟಗಾಗಬಾರದು ಅಂತ ಒಳಗೆ ಅರಗು ತುಂಬಿರುತ್ತಾರೆ. ಅದು ಮೋಸ ಅಲ್ಲ, ಮಾಡುವ ಪದ್ಧತಿಯೇ ಹಾಗೆ. ಕೈಯಲ್ಲಿ ಹಿಡಿದರೆ ಭಾರ ಅನಿಸುತ್ತದೆ, ಆದರೆ ಆ ಭಾರವೆಲ್ಲ ಚಿನ್ನದ್ದಲ್ಲ. ಒಂದು ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಅದರ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ಕಂದು ಅಥವಾ ಕಪ್ಪು ಬಣ್ಣದ ಗಟ್ಟಿ ಪದಾರ್ಥ ಕಂಡರೆ ಅದೇ ಅರಗು. ಬೆಂಕಿ ತೋರಿಸುವುದು, ಸೂಜಿಯಿಂದ ಕೆದಕುವುದು ಬೇಡ. ತಗಡು ಒಮ್ಮೆ ನೆಗ್ಗಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಒಡವೆ ಕೊಂಡಾಗಿನ ಬಿಲ್ಲು ಇದ್ದರೆ ಅದರಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ ಬೇರೆ ಬೇರೆ ಇರುತ್ತದೆ. ದಯವಿಟ್ಟು ಬಿಲ್ಲು ಎಸೆಯಬೇಡಿ. ಹರಳಿನ ಬಗ್ಗೆ ಅಪ್ರೈಸರ್ ಅಂದಾಜಿನ ಮೇಲೆ ಕಡಿತ ಮಾಡುವಾಗ ನಿಮ್ಮ ಪರವಾಗಿ ಮಾತಾಡುವ ಕಾಗದ ಅದೊಂದೇ.

ಮನೆಯಲ್ಲಿ ತೂಗುವುದಾದರೆ ಅಡುಗೆಮನೆ ತಕ್ಕಡಿ ಸಾಲದು, ಅದು ಒಂದೊಂದು ಗ್ರಾಮಿಗೆ ಮಾತ್ರ ಬದಲಾಗುತ್ತದೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಅದು ಸರಿಯಿದೆಯಾ ಅಂತ ನೋಡಲು ಎರಡು ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯ ಒಂದು ನಾಣ್ಯ ಇಡಿ, 7.7 ಗ್ರಾಂ ಆಸುಪಾಸು ಬರಬೇಕು. ಸವೆದ ನಾಣ್ಯ ಬೇಡ. ಅಂಗಡಿಯಲ್ಲಿ ತೂಗಿಸುವುದಾದರೆ ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯಾ ನೋಡಿ, ಒಡವೆ ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯಾ ನೋಡಿ. ಫ್ಯಾನ್ ಗಾಳಿಗೂ ಅಂಕಿ ಓಡಾಡುತ್ತದೆ, ಆಫ್ ಮಾಡಿಸಿ.

ಹಿರಿಯರು ಹೇಳಿದ ಲೆಕ್ಕವನ್ನು ಗ್ರಾಮಿಗೆ ತಿರುಗಿಸುವಾಗಲೂ ಹುಷಾರು. "ಅಣ್ಣಾ, ನಮ್ಮ ಅತ್ತೆ ಇದು ಐದು ತೊಲ ಅಂತಿದ್ರು, ನೀವು ಐವತ್ತೂ ಇಲ್ಲ ಅಂತೀರಲ್ಲ" ಅಂತ ಒಬ್ಬ ಅಕ್ಕ ಕೇಳಿದ್ದರು. ಹಳೆ ತೊಲ ಅಂದರೆ 11.66 ಗ್ರಾಂ, ಐದು ತೊಲಕ್ಕೆ 58 ಗ್ರಾಂ ಮೇಲೆ ಆಗಬೇಕು. ಈಗಿನ ಅಂಗಡಿ ಮಾತಿನಲ್ಲಿ ತೊಲ ಅಂದರೆ 10 ಗ್ರಾಂ. ಅವರ ಸರದಲ್ಲಿ ಅರಗು, ಹವಳ ಸೇರಿ ಐದು ತೊಲ ಇತ್ತು, ಅತ್ತೆ ಹೇಳಿದ್ದು ಸುಳ್ಳಲ್ಲ. ಸವರನ್ ಅಂದರೆ ಮಾರುಕಟ್ಟೆಯಲ್ಲಿ 8 ಗ್ರಾಂ. ನಿಜವಾದ ಬ್ರಿಟಿಷ್ ಸವರನ್ ನಾಣ್ಯ 7.988 ಗ್ರಾಂ, 22 ಕ್ಯಾರೆಟ್. ಕಾಸಿನ ಸರದಲ್ಲಿ ರಾಜನ ತಲೆ ಇದ್ದ ಮಾತ್ರಕ್ಕೆ ಅದು ಸವರನ್ ಅಂದುಕೊಳ್ಳಬೇಡಿ. ಅಚ್ಚು ಒತ್ತಿದ ತೆಳು ಬಿಲ್ಲೆಗಳೇ ಹೆಚ್ಚು.

ಆಮೇಲೆ ಶುದ್ಧತೆ

ಅಪ್ಪಟ ಚಿನ್ನ 24 ಕ್ಯಾರೆಟ್. 22 ಕ್ಯಾರೆಟ್ ಅಂದರೆ ಇಪ್ಪತ್ನಾಲ್ಕು ಪಾಲಿನಲ್ಲಿ ಇಪ್ಪತ್ತೆರಡು ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಸಾವಿರಕ್ಕೆ ಲೆಕ್ಕ ಹಾಕಿದರೆ 916. 20 ಕ್ಯಾರೆಟ್ 833, 18 ಕ್ಯಾರೆಟ್ 750, 14 ಕ್ಯಾರೆಟ್ 585.

ಹಾಲ್‌ಮಾರ್ಕ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಈಗಿನ ಒಡವೆಯಲ್ಲಿ ಮೂರು ಗುರುತು ಇರಬೇಕು. ಸರಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನದ ಚಿಹ್ನೆ, 22ಕೆ916 ಥರದ ಶುದ್ಧತೆ, ಮತ್ತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಈ ಮೂರನೆಯದು ಆ ಒಂದು ಒಡವೆಗೆ ಮಾತ್ರ ಸೇರಿದ ನಂಬರು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧತೆ, ಎಲ್ಲಿ ಪರೀಕ್ಷೆ ಆಯಿತು ಅಂತ ತೋರಿಸುತ್ತದೆ. ಆ್ಯಪ್ ಉಂಗುರ ಅಂದು ನಿಮ್ಮ ಕೈಯಲ್ಲಿ ಬಳೆ ಇದ್ದರೆ ಆ ಮುದ್ರೆ ನಂಬುವ ಹಾಗಿಲ್ಲ. ಮುದ್ರೆ ಬಲು ಸಣ್ಣದು, ಕೊಂಡಿಯ ಹತ್ತಿರವೋ ಬಳೆಯ ಒಳಮೈಯಲ್ಲೋ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ.

ನಮ್ಮ ದೇಶದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಶುರುವಾದದ್ದು 2000ದಲ್ಲಿ. ಕಡ್ಡಾಯ ಆಗುತ್ತಾ ಬಂದದ್ದು 2021ರ ಜೂನ್‌ನಿಂದ. ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರಬಾರದು ಅಂತ ಆದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚಿನ ಒಡವೆಯಲ್ಲಿ ಎಚ್‌ಯುಐಡಿ ಬದಲು ಪರೀಕ್ಷಾ ಕೇಂದ್ರದ ಗುರುತು ಮತ್ತು ಅಂಗಡಿಯ ಗುರುತು ಇರುತ್ತವೆ. ಅದೂ ಸರಿಯಾದದ್ದೇ. ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇದೆ, ಮೂಗುಬೊಟ್ಟಿನಲ್ಲಿ ಮುದ್ರೆ ಕಾಣಲಿಲ್ಲ ಅಂತ ಗಾಬರಿ ಬೇಡ. ಮುದ್ರೆ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಅಂತ ಪರೀಕ್ಷೆಯಲ್ಲಿ ಸಾಬೀತಾದರೆ, ಕೊರತೆಯಾದ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ನಿಮಗೆ ಬರಬೇಕು. ಈ ನಿಯಮ ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನಾಗುತ್ತಾರೆ.

ಬಿಲ್ಲಿನ ಮೇಲೆ ಕೆಡಿಎಂ ಅಂತ ಬರೆದಿದ್ದರೆ ಅದು ಶುದ್ಧತೆಯ ಮುದ್ರೆ ಅಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಹಾಕಿದ್ದಾರೆ ಅಂತ ಅಷ್ಟೇ ಅದರ ಅರ್ಥ. ಅದರ ಹೊಗೆ ಅಕ್ಕಸಾಲಿಯ ಶ್ವಾಸಕೋಶವನ್ನೇ ತಿನ್ನುತ್ತದೆ. ಆ ಬೆಸುಗೆ ನಿಂತುಹೋಗಿದ್ದು ಬಹಳ ಒಳ್ಳೆಯದಾಯಿತು.

ಈಗ ಮುದ್ರೆ ಇಲ್ಲದ ಹಳೆಯ ಒಡವೆ. ನಮ್ಮ ಮನೆಗಳಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಇದೇ ಅಲ್ವಾ? ಅಜ್ಜಿ ಕಾಲದ ಚಿನ್ನ ಅಪ್ಪಟ ಅನ್ನುವ ನಂಬಿಕೆ ಎಲ್ಲರಿಗೂ ಇದೆ. ತಗಡು ಅಪ್ಪಟ ಇರಬಹುದು. ಆದರೆ ಆಗಿನ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಜಾಸ್ತಿ ಇರುತ್ತಿತ್ತು. ಸಣ್ಣ ಕೊಂಡಿಗಳ ಸರದಲ್ಲಿ ಒಂದೊಂದು ಕೊಂಡಿಗೂ ಒಂದೊಂದು ಬೆಸುಗೆ. ಹಾಗಾಗಿ ಒಂದೇ ಅಕ್ಕಸಾಲಿ ಒಂದೇ ಚಿನ್ನದಲ್ಲಿ ಮಾಡಿದ ಬಳೆಗೂ ಸರಕ್ಕೂ ಕರಗಿಸಿದ ಮೇಲೆ ಶುದ್ಧತೆ ಬೇರೆ ಬೇರೆ ಬರುತ್ತದೆ.

ನೀರಿನ ಪರೀಕ್ಷೆ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ನಂಬಿಕೆ ಇರುವುದು ಇದೊಂದರ ಮೇಲೆ. ಚಿನ್ನದಷ್ಟು ಸಾಂದ್ರವಾದ ಲೋಹ ಸುಲಭಕ್ಕೆ ಸಿಗುವುದಿಲ್ಲ. ಅದೇ ಗಾತ್ರದ ನೀರಿಗಿಂತ ಅಪ್ಪಟ ಚಿನ್ನ 19.3 ಪಟ್ಟು ಭಾರ. ತಾಮ್ರ ಸುಮಾರು 9 ಪಟ್ಟು, ಬೆಳ್ಳಿ 10.5 ಪಟ್ಟು. ಅರಗು, ಹರಳು, ಟೊಳ್ಳು ಯಾವುದೂ ಇಲ್ಲದ ಗಟ್ಟಿ ಬಳೆ, ಉಂಗುರಕ್ಕೆ ಮಾತ್ರ ಇದು ಸರಿ.

ಮೊದಲು ಬಳೆಯನ್ನು ಒಣದಾಗಿ ತೂಗಿ ಬರೆದುಕೊಳ್ಳಿ. 20 ಗ್ರಾಂ ಅಂದುಕೊಳ್ಳೋಣ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಹಗುರವಾದ ಪ್ಲಾಸ್ಟಿಕ್ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ತಕ್ಕಡಿ ಎಷ್ಟು ಭಾರ ತಾಳುತ್ತದೆ ಅಂತ ಮೊದಲೇ ನೋಡಿಕೊಂಡಿರಿ. ಬಳೆಗೆ ತೆಳು ದಾರ ಕಟ್ಟಿ ಪೂರ್ತಿ ಮುಳುಗುವಂತೆ ನೀರಿನಲ್ಲಿ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿದ್ದರೆ ದಾರ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಬಳೆಯ ತೂಕವನ್ನು ಆ ಅಂಕಿಯಿಂದ ಭಾಗಿಸಿ. 1.13 ತೋರಿಸಿದರೆ 20 ಭಾಗಿಸು 1.13, ಅಂದರೆ 17.7. 22 ಕ್ಯಾರೆಟ್ ಚಿನ್ನಕ್ಕೆ 17.6ರಿಂದ 18ರ ಒಳಗೆ ಬರಬೇಕು. 20 ಕ್ಯಾರೆಟ್ಟಿಗೆ 16.2ರಿಂದ 16.9. 18 ಕ್ಯಾರೆಟ್ಟಿಗೆ 15ರಿಂದ 16. ತಾಮ್ರ ಹೆಚ್ಚಿದ್ದರೆ ಕೆಳಗಿನ ಅಂಕಿ, ಬೆಳ್ಳಿ ಹೆಚ್ಚಿದ್ದರೆ ಮೇಲಿನ ಅಂಕಿ. ಎಂಟು ಒಂಬತ್ತು ಬಂದರೆ ಅದು ಹಿತ್ತಾಳೆಗೆ ಗಿಲೀಟು ಹೊಡೆದದ್ದು.

ಒಂದು ಮಿತಿ ಇದೆ. ಟಂಗ್‌ಸ್ಟನ್ ಅನ್ನುವ ಲೋಹದ ಸಾಂದ್ರತೆ ಚಿನ್ನದಷ್ಟೇ. ಅದನ್ನು ಒಳಗಿಟ್ಟ ಗಟ್ಟಿಯನ್ನು ನೀರು ಹಿಡಿಯಲಾರದು. ಮನೆಯ ಹಳೆ ಬಳೆಗೆ ಆ ಭಯ ಬೇಕಿಲ್ಲ. ಯಾರೋ ಗೊತ್ತಿಲ್ಲದವರು ಕಡಿಮೆ ದರಕ್ಕೆ ಚಿನ್ನದ ಬಿಸ್ಕತ್ತು ಕೊಡುತ್ತೇನೆ ಅಂದಾಗ ಇರಲಿ.

ಆಯಸ್ಕಾಂತದ ಪರೀಕ್ಷೆ ಅರ್ಧ ಮಾತ್ರ ಉಪಯೋಗ. ಅಂಟಿಕೊಂಡರೆ ಒಳಗೆ ಕಬ್ಬಿಣ ಇದೆ. ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ವಿನಿಗರ್, ನಿಂಬೆರಸ, ಹಲ್ಲಲ್ಲಿ ಕಚ್ಚುವುದು ಎಲ್ಲ ಬಿಟ್ಟುಬಿಡಿ. ಮುತ್ತು ಹವಳಕ್ಕೆ ಹುಳಿ ತಾಗಿದರೆ ಹೊಳಪೇ ಹೋಗುತ್ತದೆ.

ನಾವು ಮೇಜಿನ ಮೇಲೆ ಮಾಡುವುದೇನು

ಒರೆಗಲ್ಲು ನುಣುಪಾದ ಕರಿ ಕಲ್ಲು, ಅಂಗೈಯಷ್ಟು ಇರುತ್ತದೆ. ಒಡವೆಯ ಕಾಣದ ಭಾಗವನ್ನು ಹುಡುಕಿ, ಮೊದಲು ಒಂದೆರಡು ಸಲ ಗಟ್ಟಿಯಾಗಿ ಉಜ್ಜುತ್ತೇನೆ. ಮೇಲೆ ಗಿಲೀಟು ಇದ್ದರೆ ಅದು ಹೋಗಲಿ ಅಂತ. ಆಮೇಲೆ ಹೊಸ ಜಾಗದಲ್ಲಿ ಅರ್ಧ ಇಂಚಿನ ಒಂದು ಗೆರೆ. ಅದರ ಎರಡೂ ಪಕ್ಕ ಕ್ಯಾರೆಟ್ ಗೊತ್ತಿರುವ ಕಡ್ಡಿಗಳಿಂದ ಇನ್ನೆರಡು ಗೆರೆ, ಒಂದು 22, ಒಂದು 20. ಕಿಟಕಿಯ ಬೆಳಕಿಗೆ ಹಿಡಿದಾಗಲೇ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ತಾಮ್ರ ಹೆಚ್ಚಿದ್ದರೆ ಗೆರೆ ಕೆಂಪಗೆ, ಬೆಳ್ಳಿ ಹೆಚ್ಚಿದ್ದರೆ ಹಸುರು ಛಾಯೆಯ ಹಳದಿ. ಈಗ ಗಾಜಿನ ಕಡ್ಡಿಯಲ್ಲಿ ನೈಟ್ರಿಕ್ ಆಸಿಡ್ ಎಳೆಯುತ್ತೇನೆ. ಹಿತ್ತಾಳೆ ಗೆರೆ ಹಸುರು ನೊರೆ ಬಂದು ಕಣ್ಣೆದುರೇ ಮಾಯವಾಗುತ್ತದೆ. 22ರ ಗೆರೆ ಅಲ್ಲಾಡುವುದಿಲ್ಲ. 20, 22ರ ನಡುವಿನ ಸಣ್ಣ ವ್ಯತ್ಯಾಸ ತಿಳಿಯಲು ಹೈಡ್ರೋಕ್ಲೋರಿಕ್ ಆಸಿಡ್ ಸ್ವಲ್ಪ ಬೆರೆಸಿದ್ದು ಬೇಕು. ಆಗ ಮೂರು ಗೆರೆಗಳಲ್ಲಿ ಯಾವುದು ಎಷ್ಟು ಬೇಗ ಮಸುಕಾಗುತ್ತದೆ ಅಂತ ನೋಡಬೇಕು. ನಿಮ್ಮ ಗೆರೆ ಯಾವ ಕಡ್ಡಿಯ ಗೆರೆಯ ಜೊತೆಯಲ್ಲೇ ಮಸುಕಾಯಿತೋ ಅದೇ ನಿಮ್ಮ ಕ್ಯಾರೆಟ್. ಕಣ್ಣು ಪಳಗಬೇಕು, ಅದಕ್ಕೆ ವರ್ಷಗಳು ಬೇಕು. ಆಸಿಡ್ ಮನೆಯಲ್ಲಿ ಮುಟ್ಟಬೇಡಿ. ಆದರೆ ನಿಮ್ಮ ಒಡವೆಯ ಗೆರೆ ತೋರಿಸಿ ಅಂತ ಕೇಳುವುದರಲ್ಲಿ ಏನೂ ತಪ್ಪಿಲ್ಲ. ಕೇಳಿದವರಿಗೆ ನಾನು ಕಲ್ಲನ್ನೇ ಅವರ ಕಡೆ ತಿರುಗಿಸುತ್ತೇನೆ. ಕೇಳದವರಿಗೂ ತಿರುಗಿಸುತ್ತೇನೆ.

ಅಂಗಡಿಗಳಲ್ಲಿ ಈಗ ಎಕ್ಸ್‌ಆರ್‌ಎಫ್ ಮೆಷಿನ್ ಇರುತ್ತದೆ. ಒಡವೆ ಒಳಗಿಟ್ಟರೆ ಎಕ್ಸ್-ರೇ ಬಿದ್ದು ಯಾವ ಲೋಹ ಎಷ್ಟು ಅಂತ ಪರದೆ ಮೇಲೆ ಬರುತ್ತದೆ. ಒಡವೆಗೆ ಏನೂ ಆಗುವುದಿಲ್ಲ. ಆದರೆ ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ. ಮೇಲೆ ದಪ್ಪ ಲೇಪ ಇದ್ದರೆ ಲೇಪದ ಶುದ್ಧತೆಯನ್ನೇ ಹೇಳುತ್ತದೆ. ಆದ್ದರಿಂದ ಮೂರು ನಾಲ್ಕು ಜಾಗದಲ್ಲಿ, ಬೆಸುಗೆ ಹತ್ತಿರವೂ, ಇಟ್ಟು ನೋಡಿಸಿ.

ಕಡೆಯ ಮಾತು ಬೆಂಕಿಯದು. ಪರೀಕ್ಷಾ ಕೇಂದ್ರದಲ್ಲಿ ಒಡವೆಯಿಂದ ಒಂದು ಚೂರು ಕೆರೆದು, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಇಡುತ್ತಾರೆ. ಸೀಸವೂ ತಾಮ್ರವೂ ಕೆಳಗಿನ ಬಟ್ಟಲಿಗೆ ಇಂಗಿಹೋಗುತ್ತವೆ. ಉಳಿದ ಮಣಿಯನ್ನು ತಟ್ಟಿ, ಸುರುಳಿ ಸುತ್ತಿ ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಅಪ್ಪಟ ಚಿನ್ನವೊಂದೇ ಉಳಿಯುತ್ತದೆ. ಮೊದಲಿನ ತೂಕ, ಕೊನೆಯ ತೂಕ ಹೋಲಿಸಿದರೆ ಮುಗಿಯಿತು. ಇದಕ್ಕಿಂತ ನಿಖರವಾದ ಪರೀಕ್ಷೆಯನ್ನು ನಮ್ಮ ಕಸುಬಿನಲ್ಲಿ ಯಾರೂ ಕೇಳುವುದಿಲ್ಲ.

ಸಾಮಾನ್ಯ ಜನರೂ ತಮ್ಮ ಹಳೆ ಒಡವೆಯನ್ನು ಬಿಐಎಸ್ ಮಾನ್ಯತೆ ಇರುವ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಬಹುದು. 2022ರಲ್ಲಿ ಇದಕ್ಕೆ ಅವಕಾಶ ಕೊಟ್ಟಾಗ ನಾಲ್ಕು ಒಡವೆವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿ ಅಂತ ಇಟ್ಟಿದ್ದರು. ವರದಿ ಕೈಗೆ ಸಿಗುತ್ತದೆ. ದೊಡ್ಡ ಒಡವೆ ಮಾರುವವರು ಇದನ್ನು ಮಾಡಿಸದೆ ಅಂಗಡಿ ಮೆಟ್ಟಿಲು ಹತ್ತಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಲೆಕ್ಕ

ಕೆಂಪು ಹರಳಿನ ಒಂದು ನೆಕ್ಲೆಸ್ ತಗೊಳ್ಳಿ. ಒಟ್ಟು ತೂಕ 24.600 ಗ್ರಾಂ. ಹರಳು, ಅರಗು, ದಾರ ಸೇರಿ 3.600. ನಿವ್ವಳ 21 ಗ್ರಾಂ. ಒರೆಯಲ್ಲಿ 20 ಕ್ಯಾರೆಟ್ ಬಂತು. ಪೇಪರಿನಲ್ಲಿ ಬರುವುದು 22 ಕ್ಯಾರೆಟ್ಟಿನ ದರ, ಆದ್ದರಿಂದ 21ನ್ನು 20ರಿಂದ ಗುಣಿಸಿ 22ರಿಂದ ಭಾಗಿಸಬೇಕು. 19.09 ಗ್ರಾಂ. ಅಂದರೆ ನಿಮ್ಮ ನೆಕ್ಲೆಸ್ 22 ಕ್ಯಾರೆಟ್ಟಿನ 19.09 ಗ್ರಾಂ ಚಿನ್ನಕ್ಕೆ ಸಮ. ಲೆಕ್ಕ ಸುಲಭ ಆಗಲಿ ಅಂತ ಗ್ರಾಮಿಗೆ 10,000 ರೂಪಾಯಿ ಇಟ್ಟುಕೊಂಡರೆ ಬೆಲೆ 1,90,900. ಒಟ್ಟು ತೂಕಕ್ಕೇ ದರ ಗುಣಿಸಿಕೊಂಡು ಬಂದವರ ಮನಸ್ಸಿನಲ್ಲಿ 2,46,000 ಇರುತ್ತದೆ. ಈ 55 ಸಾವಿರದ ಅಂತರವೇ ಅಪ್ರೈಸರ್ ಮೋಸ ಮಾಡಿದ ಅನ್ನುವ ಸಿಟ್ಟಿಗೆ ಕಾರಣ. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದವರಿಗೆ ಆ ಸಿಟ್ಟು ಬರುವುದಿಲ್ಲ. ನಿಜವಾಗಿ ಮೋಸ ನಡೆದರೆ ಅದೂ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಕೊಂಡಾಗ ಕೊಟ್ಟ ಮಜೂರಿ, ವೇಸ್ಟೇಜ್, ಜಿಎಸ್‌ಟಿ ಯಾವುದೂ ವಾಪಸ್ ಬರುವುದಿಲ್ಲ. ಸಾಲಕ್ಕಂತೂ ಹರಳಿಗೂ ಬೆಲೆ ಇಲ್ಲ.

ಮಾರುವುದಾದರೆ ಕರಗಿಸಲು ಒಪ್ಪುವ ಮೊದಲು ಎಲ್ಲ ಮಾತು ಮುಗಿಸಿ. ಮೆಷಿನ್ ಅಂಕಿ ಎಷ್ಟು, ದರ ಯಾವುದು, ಎಷ್ಟು ಪರ್ಸೆಂಟ್ ಕಡಿತ, ಇವು ಕಾಗದದ ಮೇಲೆ ಇರಲಿ. ಕರಗಿದ ಮೇಲೆ ಒಡವೆ ವಾಪಸ್ ತಗೊಂಡು ಹೋಗುವ ದಾರಿ ಮುಚ್ಚಿತು. ಕರಗಿಸುವಾಗ ಪಕ್ಕದಲ್ಲೇ ನಿಂತಿರಿ, ಮೊದಲಿನ ತೂಕವನ್ನೂ ಆರಿದ ಗಟ್ಟಿಯ ತೂಕವನ್ನೂ ನೀವೇ ಓದಿಕೊಳ್ಳಿ.

ಅಡ ಇಡುವಾಗ ಕೇಳಬೇಕಾದದ್ದು

ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಚಿನ್ನ-ಬೆಳ್ಳಿ ಸಾಲಕ್ಕೆ ಹೊಸ ನಿಯಮ ಹೊರಡಿಸಿತು. ಬ್ಯಾಂಕು, ಫೈನಾನ್ಸ್ ಕಂಪನಿಗಳು 2026ರ ಏಪ್ರಿಲ್ 1ರ ಒಳಗೆ ಇದಕ್ಕೆ ಹೊಂದಿಕೊಳ್ಳಬೇಕು ಅಂತ ಗಡುವು ಕೊಟ್ಟಿತು. ಅದರ ಪ್ರಕಾರ ಮನೆ ಖರ್ಚಿನ ಥರದ ಸಾಲ ಎರಡೂವರೆ ಲಕ್ಷದೊಳಗೆ ಇದ್ದರೆ ಚಿನ್ನದ ಬೆಲೆಯ ನೂರಕ್ಕೆ 85ರವರೆಗೆ ಕೊಡಬಹುದು. ಐದು ಲಕ್ಷದವರೆಗೆ 80, ಅದಕ್ಕೂ ಮೇಲಾದರೆ 75. ನಮ್ಮ ನೆಕ್ಲೆಸ್ಸಿಗೆ ಹೆಚ್ಚೆಂದರೆ 1,62,000 ರೂಪಾಯಿ ಆಸುಪಾಸು. ಬಡ್ಡಿ ಅಸಲು ಕೊನೆಯಲ್ಲಿ ಒಟ್ಟಿಗೆ ಕಟ್ಟುವ ಸಾಲವಾದರೆ ಬಡ್ಡಿಯನ್ನೂ ಈ ಮಿತಿಯೊಳಗೇ ಲೆಕ್ಕ ಹಿಡಿಯುತ್ತಾರೆ, ಕೈಗೆ ಇನ್ನೂ ಕಡಿಮೆ ಬರುತ್ತದೆ. ದರವೂ ಅವತ್ತಿನ ಅಂಗಡಿ ದರ ಅಲ್ಲ. ಹಿಂದಿನ 30 ದಿನದ ಸರಾಸರಿ ಮತ್ತು ಹಿಂದಿನ ದಿನದ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಚಿನ್ನ ಏರುತ್ತಿರುವಾಗ ಬ್ಯಾಂಕಿನವರು ಕಡಿಮೆ ದರ ಹಿಡಿದರು ಅನಿಸುವುದು ಇದಕ್ಕೇ.

ಪರೀಕ್ಷೆ ನಿಮ್ಮ ಎದುರಿನಲ್ಲೇ ಆಗಬೇಕು. ಒಡವೆಯನ್ನು ಒಳಗಿನ ಕೋಣೆಗೆ ಒಯ್ದರೆ "ಇಲ್ಲೇ ನೋಡಿ ಸರ್" ಅಂತ ಹೇಳುವ ಹಕ್ಕು ನಿಮಗಿದೆ. ಪರೀಕ್ಷೆ ಆದಮೇಲೆ ಒಂದು ಸರ್ಟಿಫಿಕೇಟ್ ಕೊಡಬೇಕು. ಅದರಲ್ಲಿ ಕ್ಯಾರೆಟ್, ಒಟ್ಟು ತೂಕ, ನಿವ್ವಳ ತೂಕ, ಹರಳು ಅರಗು ದಾರಕ್ಕೆ ಎಷ್ಟು ಕಳೆದರು, ಎಲ್ಲಾದರೂ ಮುರಿದಿದೆಯಾ, ಒಡವೆಯ ಫೋಟೋ, ಕಟ್ಟಿದ ಬೆಲೆ ಎಲ್ಲ ಇರಬೇಕು. ಸಹಿ ಹಾಕುವ ಮೊದಲು ನೀವು ಮನೆಯಲ್ಲಿ ಬರೆದುಕೊಂಡ ಚೀಟಿ ಪಕ್ಕ ಇಟ್ಟು ಓದಿ. ನಿವ್ವಳ ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಬಂದರೆ ಸಹಜ. ಎರಡು ಮೂರು ಗ್ರಾಂ ಹೆಚ್ಚುಕಡಿಮೆ ಆದರೆ, ಅಥವಾ ಕ್ಯಾರೆಟ್ ಎರಡು ಕೆಳಗಿಳಿದರೆ, ಯಾಕೆ ಅಂತ ಕೇಳಿ. ನೆಟ್ಟಗೆ ಉತ್ತರ ಬರದಿದ್ದರೆ ಒಡವೆ ಎತ್ತಿಕೊಂಡು ಎದ್ದುಬನ್ನಿ. ಪಕ್ಕದ ಬೀದಿಯಲ್ಲಿ ಇನ್ನೊಂದು ಬ್ಯಾಂಕ್ ಇರುತ್ತದೆ.

ಸಾಲ ತೀರಿಸಿದ ದಿನವೇ ಒಡವೆ ಕೊಡಬೇಕು, ಹೆಚ್ಚೆಂದರೆ ಏಳು ಕೆಲಸದ ದಿನ. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬಿಡಿಸಿಕೊಳ್ಳಲು ಹೋಗುವಾಗ ಸರ್ಟಿಫಿಕೇಟ್ ಜೊತೆಗಿರಲಿ. ಪೊಟ್ಟಣವನ್ನು ನಿಮ್ಮೆದುರೇ ಒಡೆಸಿ, ಅದೇ ತಕ್ಕಡಿಯಲ್ಲಿ ಮತ್ತೆ ತೂಗಿಸಿ, ಹರಳು ಎಣಿಸಿ, ಕೊಂಡಿ ಹಾಕಿ ತೆಗೆದು ನೋಡಿ. ಆಮೇಲೆ ರಿಜಿಸ್ಟರಿಗೆ ಸಹಿ ಹಾಕಿ.